ಡೀಸೆಲ್ ಕುಡಿದ ಎರೆ ಮಣ್ಣಲ್ಲಿ ಜೋಳ ಎದ್ದಿತು

"ಆ ಮಣ್ಣು ಸತ್ತೋಗ್ಯಾದ, ತೆಗ್ದು ಚೆಲ್ಲು" ಅಂತ ನಮ್ಮ ಕಾಕಾ ಎರಡು ವರ್ಷ ಹೇಳಿದರು. ಈ ಹಿಂಗಾರಿಯಲ್ಲಿ ಅಲ್ಲೇ ಬಿಳಿಜೋಳ ಎದ್ದಿದೆ. ಈಗ ಕಾಕಾ ಆ ಕಡೆ ಬರುವುದನ್ನೇ ಬಿಟ್ಟಿದ್ದಾರೆ!

ಶಹಾಬಾದ್ ರಸ್ತೆಯ ನಮ್ಮ ಹೊಲದ ಮೂಲೆಯಲ್ಲಿ ಟ್ರ್ಯಾಕ್ಟರ್, ಜೆಸಿಬಿ ನಿಲ್ಲುತ್ತಿದ್ದವು. ಬ್ಯಾರಲ್‌ಗಳೂ ಅಲ್ಲೇ. ಸುಮಾರು 2 ಗುಂಟೆ ಡೀಸೆಲ್ ಕುಡಿದಿತ್ತು. ನೀರು ಹನಿಸಿದರೆ ಎಣ್ಣೆ ಹಚ್ಚಿದ ಹಂಚಿನ ಮೇಲೆ ಬಿದ್ದ ಹಾಗೆ ಗುಂಡಾಗಿ ಕೂರುತ್ತಿತ್ತು. ಮಣ್ಣು ಬದಲಿಸಲು ಟಿಪ್ಪರ್‌ನವನು 70 ಸಾವಿರದ ಹತ್ತಿರ ಕೇಳಿದ. ಹಳೆ ಮಣ್ಣು ಎಲ್ಲಿ ಸುರಿಯುತ್ತೀಯಪ್ಪ ಅಂದೆ. "ಹಳ್ಳದಾಗ ರೀ" ಅಂದ. ಅವನನ್ನು ಅಲ್ಲಿಂದಲೇ ಕಳಿಸಿದೆ.

ಮೊದಲ ವರ್ಷ ದುಡ್ಡು ಹೋಯಿತು, ಅಷ್ಟೇ. 6 ಸಾವಿರ ಕೊಟ್ಟು ಡೀಸೆಲ್ ತಿನ್ನುವ ಬಾಟಲಿ ಬ್ಯಾಕ್ಟೀರಿಯಾ ತಂದು ಏಪ್ರಿಲ್ ಬಿಸಿಲಲ್ಲಿ ಹೊಡೆದೆ. ನಮ್ಮ 42 ಡಿಗ್ರಿಯಲ್ಲಿ ಒಣ ಮಣ್ಣಿನ ಮೇಲೆ ಏನು ಉಳಿಯುತ್ತದೆ? ಆಮೇಲೆ ಬೆಲ್ಲದ ನೀರು ಹಾಕಿದೆ. ದೊಡ್ಡ ತಪ್ಪು. ಸುಮ್ನೆ ಸಿಹಿ ಸಿಗುವಾಗ ಅವು ಡೀಸೆಲ್‌ಗೆ ಯಾಕೆ ಬಾಯಿ ಹಾಕುತ್ತವೆ, ಅಲ್ವಾ? ಮಳೆ ಹಿಡಿದ ಮೇಲೆ ಎರೆ ಅಂಟಾಗಿ, ಗಾಳಿ ಕಟ್ಟಿ, ಕೊಳೆತ ಮೊಟ್ಟೆಯ ನಾತ ಬಂತು.

ದಾರಿ ತೋರಿಸಿದ್ದು ತೊಗರಿ ಹೊಟ್ಟು. ಮಿಲ್ಲಿನದಲ್ಲ, ಅದನ್ನು ಎಮ್ಮೆ ಸಾಕುವವರು ಬಿಡುವುದಿಲ್ಲ, ರೇಟೂ ಜಾಸ್ತಿ. ರಾಶಿ ಮಾಡಿದ ಮೇಲೆ ಉಳಿಯುತ್ತದಲ್ಲ, ಅದು. 1 ಅಡಿ ತನಕ ಮಣ್ಣು ಸಡಿಲಿಸಿ ಹೊಟ್ಟು, ಹಳೆ ತಿಪ್ಪೆಗೊಬ್ಬರ ಬೆರೆಸಿದೆ. ಯೂರಿಯಾ, ಡಿಎಪಿ ಒಂದೇ ಸಲ ಸುರಿಯಬೇಡಿ, ನನ್ನ ಮೊದಲ ಗರಿಕೆ ಹಾಗೇ ಸುಟ್ಟಿತು. ಇಂಗಾಲ 100ಕ್ಕೆ ಸಾರಜನಕ 10, ರಂಜಕ 1, ಈ ಲೆಕ್ಕದಲ್ಲಿ ಕಂತು ಮಾಡಿ ಹಾಕಿದೆ. 15 ದಿನಕ್ಕೊಮ್ಮೆ ತಿರುವಿ, ಹದ ಆರದ ಹಾಗೆ ನೀರು ಕೊಟ್ಟೆ.

ಈ ಸಲ ಬ್ಯಾಕ್ಟೀರಿಯಾ ಕೊಳ್ಳಲೇ ಇಲ್ಲ. ಹಳೆ ಗ್ಯಾರೇಜಿನ ಹಿಂದೆ ಡೀಸೆಲ್ ನಡುವೆಯೂ ಗರಿಕೆ ಬೆಳೆದಿತ್ತು. ಅದರ ಬುಡದ ಮಣ್ಣನ್ನೇ ಬಕೆಟ್‌ನಲ್ಲಿ ನೆನೆಸಿ, ಮೀನಿನ ತೊಟ್ಟಿಯ ಪಂಪಿನಿಂದ 3 ದಿನ ಗಾಳಿ ಊದಿಸಿ, ಆ ನೀರನ್ನು ನಮ್ಮ ಮಣ್ಣಿಗೆ ಹಾಕಿದೆ. ಜೊತೆಗೆ ಇನ್ನೊಂದು ಹಾಕುತ್ತೇನೆ, ಅದನ್ನು ಮಾತ್ರ ಕೇಳಬೇಡಿ.

ಮೇಲೆ ಗರಿಕೆ, ಅಂಚಿಗೆ ಲಾವಂಚ. ಬೇರು ಇಳಿದಲ್ಲೆಲ್ಲ ವಾಸನೆ ಬೇಗ ಹೋಯಿತು. ಸೂರ್ಯಕಾಂತಿ ಮೊಣಕಾಲುದ್ದ ಬಂದು ನಿಂತುಬಿಟ್ಟಿತು. ತೊಗರಿ ಹಾಕಿ ನೋಡಿದೆ, ಬೇರಲ್ಲಿ ಗಂಟು ಕಂಡಾಗ ಅವ್ವನನ್ನು ಕರೆದು ತೋರಿಸಿದೆ. ಈ ಹುಲ್ಲು ದನಕ್ಕಂತೂ ಬೇಡ, ನಾನು ಬೇಲಿ ಹಾಕಿದ್ದೇನೆ.

ಎರಡು ಸಲ ಲ್ಯಾಬಿಗೆ ಕಳಿಸಿದೆ. ಕಿಲೋ ಮಣ್ಣಿಗೆ 9 ಸಾವಿರ ಮಿಲಿಗ್ರಾಂ ಚಿಲ್ಲರೆ ಡೀಸೆಲ್ ಇದ್ದದ್ದು 14 ತಿಂಗಳಲ್ಲಿ ಸಾವಿರದೊಳಗೆ ಇಳಿಯಿತು. ಲ್ಯಾಬ್ ಫೀ ಸೇರಿ 20 ಸಾವಿರ ದಾಟಿಲ್ಲ, ನನ್ನ ಕೂಲಿ ಹಿಡಿದಿಲ್ಲ. ಈ ಜೋಳವೂ ಪರೀಕ್ಷೆಗೆ ಹಾಕಿದ್ದು, ರೊಟ್ಟಿಗಲ್ಲ.

ಇಂಜಿನ್ ಆಯಿಲ್ ಚೆಲ್ಲಿದ ಮೂಲೆ ಮಾತ್ರ ಇನ್ನೂ ಜಗ್ಗಿಲ್ಲ. ಅಲ್ಲಿಗೆ ಮತ್ತೆರಡು ಗೋಣಿ ಹೊಟ್ಟು ಹಾಕಿದ್ದೇನೆ.