ಹಿಂದಿನ ಬ್ರೇಕ್ ಲೈನರ್ ಒಂದೇ ಕಡೆ ಸವೆಯುವ ಹಳೆಯ ಲಾರಿ: ನಾನು ನೋಡುವ ಕ್ರಮ

ಒಂದು ಚಕ್ರದ ಲೈನರ್ (ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಮೈಗೆ ಉಜ್ಜುವ ಪಟ್ಟಿ) ರಿವೆಟ್ ತಾಗುವಷ್ಟು ಸವೆದಿದೆ, ಇನ್ನೊಂದರದ್ದು ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಇಂಥ ಲಾರಿ ಬಂದಾಗ ಎಲ್ಲರ ಕೈ ಹೋಗುವುದು ಸವೆದ ಚಕ್ರಕ್ಕೆ. ನಾನು ಮೊದಲು ನೋಡುವುದು ಸವೆಯದ ಚಕ್ರವನ್ನು. ಎಷ್ಟೋ ಸಲ ಸವೆದ ಕಡೆಯ ಬ್ರೇಕ್ ಸರಿಯಾಗಿಯೇ ಇರುತ್ತದೆ. ಹಿಡಿಯದೆ ಕೂತ ಇನ್ನೊಂದು ಕಡೆಯ ಪಾಲನ್ನೂ ಅದೇ ಹೊತ್ತಿರುತ್ತದೆ. ಬರೀ ಲೈನರ್ ಹಾಕಿ ಕಳಿಸಿದರೆ ಅದೇ ಚಕ್ರ ಮತ್ತೆ ಸವೆದು ಬರುತ್ತದೆ. ನಾನು ಹೇಳುತ್ತಿರುವುದು ಎಸ್-ಕ್ಯಾಮ್ ಡ್ರಮ್ಮಿನ, ಕೈಯಲ್ಲೇ ಟೈಟ್ ಮಾಡುವ ಸ್ಲಾಕ್ ಅಡ್ಜಸ್ಟರ್ ಇರುವ ಏರ್ ಬ್ರೇಕ್ ಲಾರಿಗಳ ಬಗ್ಗೆ. ಇದರಲ್ಲಿ ಗಾಳಿ ಚೇಂಬರಿನ ಡಯಾಫ್ರಾಮನ್ನು ಒತ್ತಿ ಪುಶ್ ರಾಡನ್ನು ತಳ್ಳುತ್ತದೆ, ರಾಡ್ ಸ್ಲಾಕ್ ಎಂಬ ಲಿವರನ್ನು ತಿರುಗಿಸುತ್ತದೆ, ಅದರ ಜೊತೆ ತಿರುಗುವ S ಆಕಾರದ ಕ್ಯಾಮ್ ಲೈನರ್ ಕೂತ ಎರಡು ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ.

ಚಕ್ರ ಬಿಚ್ಚುವ ಮೊದಲೇ ಅರ್ಧ ವಿಷಯ ಗೊತ್ತಾಗುತ್ತದೆ. ಶಿರಾಡಿಯಂಥ ಘಾಟಿ ಇಳಿದು ಬಂದ ಲಾರಿಯಲ್ಲಿ ಎರಡೂ ಡ್ರಮ್ ಒಂದೇ ಮಟ್ಟಕ್ಕೆ ಕಾದಿರಬೇಕು. ಒಂದು ತಣ್ಣಗಿದ್ದರೆ ಅದು ಹಿಡಿಯುತ್ತಿಲ್ಲ. ಬ್ರೇಕ್ ಹೆಚ್ಚು ಒತ್ತದೆ ಸಮತಟ್ಟು ರಸ್ತೆಯಲ್ಲಿ ಓಡಿ ಬಂದರೂ ಒಂದು ಕಾದಿದ್ದರೆ ಅದು ಬಿಡುತ್ತಿಲ್ಲ. ಎರಡಕ್ಕೂ ರಿಪೇರಿ ಬೇರೆ.

ಆಮೇಲೆ ಸ್ಟ್ರೋಕ್ ಅಳೆಯುತ್ತೇನೆ. ಚಕ್ರಗಳಿಗೆ ಅಡೆ ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಗಾಳಿ 6.5 ಬಾರ್ ಆಸುಪಾಸಿನಲ್ಲಿ ಇರುವಾಗ ಇಂಜಿನ್ ನಿಲ್ಲಿಸಿ, ಚೇಂಬರ್ ಬಾಯಿಯ ಹತ್ತಿರ ಪುಶ್ ರಾಡ್ ಮೇಲೆ ಸೀಮೆಸುಣ್ಣದ ಗುರುತು ಹಾಕುತ್ತೇನೆ. ಒಬ್ಬರು ಪೆಡಲ್ ಪೂರ್ತಿ ಒತ್ತಿ ಹಿಡಿದಾಗ ಗುರುತು ಎಷ್ಟು ಹೊರಗೆ ಬಂತು ಎಂಬುದೇ ಸ್ಟ್ರೋಕ್. ಟೈಪ್ 24 ಚೇಂಬರಿಗೆ 44 ಮಿ.ಮೀ., ಟೈಪ್ 30ಕ್ಕೆ 51 ಮಿ.ಮೀ. ದಾಟಬಾರದು. ಎಡ ಬಲದ ನಡುವೆ 5–6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವನ್ನು ನಾನು ಬಿಡುವುದಿಲ್ಲ. ಹಾಗೆಯೇ ಎರಡೂ ಕಡೆ ಒಂದೇ ಸೈಜಿನ ಚೇಂಬರ್ ಇದೆಯೇ, ಸ್ಲಾಕಿನ ಒಂದೇ ತೂತಿಗೆ ಪಿನ್ ಹಾಕಿದ್ದಾರೆಯೇ ನೋಡಬೇಕು. ಟೈಪ್ ನಂಬರ್ ಎಂದರೆ ಡಯಾಫ್ರಾಮ್ ಎಷ್ಟು ಚದರ ಇಂಚು ಎಂಬುದು. ಒಂದು ಕಡೆ 24, ಇನ್ನೊಂದು ಕಡೆ 30 ಹಾಕಿದರೆ ಅದೇ ಗಾಳಿಗೆ 30ರ ಕಡೆ ಕಾಲು ಭಾಗ ಹೆಚ್ಚು ಬಲ ಬೀಳುತ್ತದೆ. ಕೈ ಬದಲಾದ ಹಳೆಯ ಗಾಡಿಗಳಲ್ಲಿ ಇದು ಅಪರೂಪವಲ್ಲ.

ಪೆಡಲ್ ಬಿಟ್ಟ ಕ್ಷಣ ರಾಡ್ ಚಟಕ್ಕನೆ ಒಳಗೆ ಹೋಗಬೇಕು. ಎರಡೂ ಕಡೆ ನಿಧಾನವಾದರೆ ಎರಡೂ ಕಡೆಯ ಗಾಳಿಯನ್ನು ಹೊರಬಿಡುವ ರಿಲೇ ವಾಲ್ವ್ ಅಥವಾ ಕ್ವಿಕ್ ರಿಲೀಸ್ ವಾಲ್ವ್ ಮೇಲೆ ಅನುಮಾನ. ಒಂದೇ ಕಡೆ ನಿಧಾನವಾದರೆ ಸ್ಪ್ರಿಂಗ್ ಬ್ರೇಕನ್ನು (ಗಾಳಿ ಇಲ್ಲದಾಗ ಸ್ಪ್ರಿಂಗಿನ ಬಲದಿಂದ ಹಿಡಿಯುವ ಹ್ಯಾಂಡ್ ಬ್ರೇಕ್ ಭಾಗ) ರಿಲೀಸ್ ಬೋಲ್ಟ್ ಹಾಕಿ ಹಿಂದಕ್ಕೆ ಎಳೆದು ಕಟ್ಟಿ, ಆಮೇಲೆ ಪುಶ್ ರಾಡಿನ ಪಿನ್ ತೆಗೆದು ಸ್ಲಾಕನ್ನು ಕೈಯಲ್ಲಿ ತಿರುಗಿಸಿ ನೋಡುತ್ತೇನೆ. ಬಿಗಿಯಾಗಿದ್ದರೆ ಕ್ಯಾಮ್ ಶಾಫ್ಟ್ ಕೂತು ತಿರುಗುವ ಬುಷ್ ಒಣಗಿದೆ ಅಥವಾ ತುಕ್ಕು ಹಿಡಿದಿದೆ. ಸಲೀಸಾಗಿ ತಿರುಗಿದರೆ ತೊಂದರೆ ಚೇಂಬರಿನಲ್ಲೋ ಹೋಸಿನಲ್ಲೋ ಇದೆ. ಒಳಪದರ ಉಬ್ಬಿದ ಹೋಸ್ ಗಾಳಿಯನ್ನು ಹೋಗಲು ಬಿಡುತ್ತದೆ, ವಾಪಸ್ ಬರಲು ಬಿಡುವುದಿಲ್ಲ; ಹೊರಗಿನಿಂದ ನೋಡಿದರೆ ಹೊಸದರಂತೆಯೇ ಇರುತ್ತದೆ. ಸ್ಪ್ರಿಂಗ್ ಬ್ರೇಕ್ ಭಾಗದ ಕ್ಲಾಂಪನ್ನು ಮಾತ್ರ ಯಾರೂ ಬಿಚ್ಚಬೇಡಿ. ಆ ಸ್ಪ್ರಿಂಗ್ ಹಾರಿದರೆ ಪ್ರಾಣ ಹೋಗುತ್ತದೆ. ಚೇಂಬರ್ ಪೂರ್ತಿ ಬದಲಿಸಿ.

ಇನ್ನು ಡ್ರಮ್ ತೆಗೆಯುವುದು. ಮೊದಲು ಸ್ಲಾಕ್ ಲೂಸ್ ಮಾಡಿ, ಇಲ್ಲದಿದ್ದರೆ ಡ್ರಮ್ಮಿನ ಸವೆಯದ ಅಂಚಿಗೆ ಲೈನರ್ ಸಿಕ್ಕಿಕೊಳ್ಳುತ್ತದೆ. ಒಳಗಿನ ಧೂಳಿಗೆ ಗಾಳಿ ಹೊಡೆಯಬೇಡಿ. ಹಳೆಯ ಲೈನರಿನಲ್ಲಿ ಕಲ್ನಾರು ಇರಬಹುದು, ನೀರಿನಲ್ಲಿ ನೆನೆಸಿ ಒರೆಸಿ. ಪ್ರತಿ ಶೂವಿನಲ್ಲಿ ಕ್ಯಾಮ್ ತುದಿ, ನಡುಭಾಗ, ಆಂಕರ್ ತುದಿ (ಶೂ ಆಂಕರ್ ಪಿನ್ನಿಗೆ ಕೂತು ಆಡುವ ಕಡೆ), ಈ ಮೂರು ಕಡೆ ಒಳ ಅಂಚು ಹೊರ ಅಂಚು ಎರಡನ್ನೂ ಅಳೆದು, ಆರು ಅಳತೆಗಳನ್ನೂ ಶೂ ಮೇಲೆಯೇ ಬರೆಯುತ್ತೇನೆ.

ಒಂದೇ ಚಕ್ರದ ಎರಡು ಶೂಗಳಲ್ಲಿ ಒಂದು ಮಾತ್ರ ಸವೆದಿದ್ದರೆ ಗಾಳಿಯ ದೋಷವಲ್ಲ. ಎಸ್-ಕ್ಯಾಮ್ ಎರಡು ಶೂಗಳನ್ನೂ ಒಂದೇ ದೂರ ತಳ್ಳುವುದರಿಂದ ಸವೆತವೂ ಹೆಚ್ಚು ಕಡಿಮೆ ಸಮನಾಗಿರಬೇಕು. ಬುಷ್ ಸವೆದು ಕ್ಯಾಮ್ ಆಡತೊಡಗಿದರೆ ಆ ಲೆಕ್ಕ ತಪ್ಪುತ್ತದೆ. ಶಾಫ್ಟನ್ನು ಲಿವರ್‌ನಿಂದ ಮೇಲಕ್ಕೆತ್ತಿ ಡಯಲ್ ಗೇಜಿನಲ್ಲಿ ಅಳೆದಾಗ ಅರ್ಧ ಮಿ.ಮೀ. ದಾಟಿದರೆ ನಾನು ಬುಷ್ ಬದಲಿಸುತ್ತೇನೆ. ಕರಾವಳಿಯ ಗಾಡಿಗಳಲ್ಲಿ ಆಂಕರ್ ಪಿನ್ ಜಾಮ್ ಆಗಿರುವುದು ಹೆಚ್ಚು. ರಿಟರ್ನ್ ಸ್ಪ್ರಿಂಗ್ ಸಡಿಲವಾಗಿರಬಹುದು, ಕ್ಯಾಮಿಗೂ ಶೂವಿಗೂ ನಡುವೆ ಉರುಳುವ ರೋಲರ್ ಚಪ್ಪಟೆಯಾಗಿರಬಹುದು. ರೋಲರಿನ ವಿಷಯ ಬಿಡಿಸಿ ಹೇಳಬೇಕು: ಅದು ಶೂವಿನಲ್ಲಿ ಕೂರುವ ಜಾಗಕ್ಕೆ ಮಾತ್ರ ಗ್ರೀಸ್. ಕ್ಯಾಮ್ ತಾಗುವ ಮೈಗೆ ಹಚ್ಚಿದರೆ ರೋಲರ್ ಉರುಳದೆ ಜಾರುತ್ತದೆ, ಒಂದೇ ಜಾಗ ಸವೆದು ಚಪ್ಪಟೆಯಾಗುತ್ತದೆ.

ಒಳ ಅಂಚಿಗೂ ಹೊರ ಅಂಚಿಗೂ ವ್ಯತ್ಯಾಸವಿದ್ದರೆ ಬಾಗಿದ ಶೂ, ಅಗಲವಾದ ಆಂಕರ್ ತೂತು, ಲೂಸ್ ಹಬ್ ಬೇರಿಂಗ್, ಬಾಯಿ ಅಗಲವಾದ ಡ್ರಮ್ ಇವುಗಳನ್ನು ನೋಡಬೇಕು. ನಡುಭಾಗ ಮಾತ್ರ ಉಜ್ಜಿದ್ದರೆ, ಲೇತಿಗೆ ಕೊಟ್ಟು ದೊಡ್ಡದಾದ ಡ್ರಮ್ಮಿಗೆ ಸ್ಟ್ಯಾಂಡರ್ಡ್ ಲೈನರ್ ಹಾಕಿದ್ದಾರೆ. ಎರಡು ತುದಿ ಮಾತ್ರ ಉಜ್ಜಿದ್ದರೆ ಹೊಸ ಡ್ರಮ್ಮಿಗೆ ಓವರ್‌ಸೈಜ್ ಲೈನರ್ ಹಾಕಿದ್ದಾರೆ.

ಲೈನರ್ ಎಣ್ಣೆ ಕುಡಿದು ಕಪ್ಪಾಗಿ ಮಿರುಗುತ್ತಿದ್ದರೆ ಹಬ್ಬಿನ ಎಣ್ಣೆ ತಡೆಯುವ ಸೀಲ್ ಸೋರಿದೆ. ಆ ಕಡೆ ಹಿಡಿಯದೆ ಎದುರಿನ ಕಡೆ ಸವೆಯುತ್ತದೆ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದರೂ, ಬೆಂಕಿಗೆ ಹಿಡಿದರೂ ಸರಿಯಾಗುವುದಿಲ್ಲ. ಸೀಲ್ ಹಾಕಿ, ಎರಡೂ ಕಡೆ ಒಂದೇ ಕಂಪನಿಯ, ಒಂದೇ ಗ್ರೇಡಿನ ಲೈನರ್ ಹಾಕುತ್ತೇನೆ. ರಿವೆಟ್ ಮಾಡುವ ಮೊದಲು ಶೂ ಮೈಯ ತುಕ್ಕು ಪೂರ್ತಿ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಅದೇ ತುಕ್ಕು ಬೆಳೆದು ಲೈನರನ್ನು ಎತ್ತಿ ಒಡೆಯುತ್ತದೆ. ರಿವೆಟ್ ನಡುವಿನಿಂದ ಶುರು ಮಾಡಿ ತುದಿಗಳ ಕಡೆಗೆ ಹೋಗಬೇಕು.

ಕ್ಯಾಮ್ ಬುಷ್ಷಿಗೆ ಗ್ರೀಸ್ ಹೊಡೆದಾಗ ಹಳೆಯದು ಸ್ಲಾಕ್ ಕಡೆಯಿಂದ ಹೊರಬರಬೇಕು. ಡ್ರಮ್ ಕಡೆ ಬಂದರೆ ಒಳಗಿನ ಸೀಲ್ ಸವೆದಿದೆ ಅಥವಾ ತಿರುಗುಮುರುಗಾಗಿದೆ, ಹೊಸ ಲೈನರೂ ಹಾಳಾಗುತ್ತದೆ. ಕೊನೆಗೆ ಚಕ್ರ ಎತ್ತಿಟ್ಟುಕೊಂಡು ಲೈನರ್ ಡ್ರಮ್ಮಿಗೆ ತಾಗುವ ತನಕ ಸ್ಲಾಕ್ ಟೈಟ್ ಮಾಡಿ, ಕಾಲು ಸುತ್ತಿನಿಂದ ಅರ್ಧ ಸುತ್ತಿನವರೆಗೆ ಹಿಂದಕ್ಕೆ ಬಿಡುತ್ತೇನೆ. ಸ್ಪ್ಯಾನರ್ ತೆಗೆದ ಮೇಲೆ ಲಾಕ್ ಕಾಲರ್ ಪುಟಿದು ಬೋಲ್ಟಿನ ತಲೆಯನ್ನು ಹಿಡಿದಿರಬೇಕು. ಕೆಸರು ತುಂಬಿ ಒಳಗೇ ಉಳಿದರೆ ಅಡ್ಜಸ್ಟ್‌ಮೆಂಟ್ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಮೊದಲ ಲೋಡ್ ಇಳಿಸಿ ಬಂದ ಮೇಲೆ, ಡ್ರಮ್ ತಣಿದಾಗ, ಎರಡೂ ಕಡೆಯ ಸ್ಟ್ರೋಕ್ ಮತ್ತೆ ಅಳೆದು ಹಿಂದಿನ ಅಳತೆಯ ಪಕ್ಕದಲ್ಲೇ ಬರೆದಿಡುತ್ತೇನೆ.