ನೋಡುತ್ತಾ ನಿಂತವರನ್ನು ಏನೆಂದು ಬರೆಯಬೇಕು?

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೈವಳಿಕೆ ಕಡೆಯಿಂದ ಊರಿನ ಸುದ್ದಿ ಕಳಿಸುವ ಹುಡುಗ ಹುಡುಗಿಯರ ಬರಹ ತಿದ್ದುವುದು ನನ್ನ ಕೆಲಸ. ಯಕ್ಷಗಾನದ ಆಟ ಇರಲಿ, ಅಪಘಾತ ಇರಲಿ, ಅಲ್ಲಿ ನಿಂತವರೆಲ್ಲ ಇವರ ಕೈಯಲ್ಲಿ ‘ಪ್ರೇಕ್ಷಕರು’ ಆಗಿಬಿಡುತ್ತಾರೆ. ಪದ ಹಾಕುವ ಮೊದಲು ಒಂದು ಕೇಳಿಕೊಳ್ಳಿ: ನಿಂತವರಿಗೆ ಅಲ್ಲಿ ಏನಾದರೂ ಕೆಲಸ ಇತ್ತಾ?

ನೋಡಿ ಖುಷಿಪಡುವುದು ಬಿಟ್ಟು ಬೇರೇನೂ ಇಲ್ಲದಿದ್ದರೆ ಪ್ರೇಕ್ಷಕರೇ ಸರಿ. ಬಯಲಾಟದಲ್ಲಿ ಮಹಿಷಾಸುರನ ವೇಷ ದೊಂದಿ ಹಿಡಿದು ಜನರ ನಡುವಿನಿಂದಲೇ ಬರುತ್ತದೆ. ಚಾಪೆ ಸುತ್ತಿಕೊಂಡು ಎದ್ದು ದಾರಿ ಬಿಟ್ಟವರೂ ಪ್ರೇಕ್ಷಕರೇ. ತಾಳಮದ್ದಳೆಗೆ ಮಾತ್ರ ಈ ಪದ ಬೇಡ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು ಮತ್ತು ಅರ್ಥಧಾರಿಗಳ ಮಾತು ಅಷ್ಟೇ. ಕಣ್ಣು ಮುಚ್ಚಿ ಕೂತ ಅಜ್ಜ ನಿದ್ದೆ ಹೋಗಿದ್ದಾರೆ ಅಂದುಕೊಳ್ಳಬೇಡಿ, ಒಳ್ಳೆ ಮಾತು ಬಿದ್ದಾಗ ಮೊದಲು ತಲೆದೂಗುವುದು ಅವರೇ. ಕೇಳುಗರು ಅನ್ನಿ.

ಭೂತಕೋಲ, ತೆಯ್ಯಂ ಬಂದಾಗ ಎಚ್ಚರ ಜಾಸ್ತಿ ಬೇಕು. ‘ಅಪಾರ ಪ್ರೇಕ್ಷಕರು ಕೋಲ ವೀಕ್ಷಿಸಿದರು’ ಎಂದು ಹಾಕಿದರೆ ಮರುದಿನ ತರವಾಡಿನಿಂದ, ಅಂದರೆ ಕೋಲ ನಡೆಸಿದ ಕುಟುಂಬದ ಮೂಲಮನೆಯಿಂದ, ಫೋನ್ ಬರುತ್ತದೆ. ಬರಬೇಕಾದ್ದೇ. ಅಂಗಳದಲ್ಲಿ ನಿಂತವರು ದೈವದ ನುಡಿ ಕೇಳಲು, ಪ್ರಸಾದ ತೆಗೆದುಕೊಳ್ಳಲು ಬಂದವರು. ದೈವ ಅವರ ಕಡೆಗೇ ತಿರುಗಿ ಮಾತಾಡುತ್ತದೆ. ಅವರು ಊರವರು, ಭಕ್ತರು, ಹತ್ತು ಸಮಸ್ತರು. ಕ್ಯಾಮೆರಾ ಹಿಡಿದು ದೂರದಿಂದ ಬಂದವರನ್ನು ಬೇಕಾದರೆ ಪ್ರವಾಸಿಗರು ಎಂದು ಬೇರೆ ಮಾಡಿ.

ವೀಕ್ಷಕ ಎಂಬುದು ಟಿವಿ ನೋಡುವವರಿಗೆ ಒಪ್ಪುತ್ತದೆ. ಚುನಾವಣಾ ವೀಕ್ಷಕರು ಹಾಗೆ ಸುಮ್ನೆ ನೋಡಿ ಹೋಗುವವರಲ್ಲ. ತುಂಬಾ ಮತಗಟ್ಟೆಗಳನ್ನು ವಶಪಡಿಸಿಕೊಂಡದ್ದು ಗೊತ್ತಾದರೆ ಎಣಿಕೆ ನಿಲ್ಲಿಸಿ ಎಂದು ಚುನಾವಣಾಧಿಕಾರಿಗೇ ಹೇಳುವ ಅಧಿಕಾರ ಅವರಿಗಿದೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 20ಬಿ ಸೆಕ್ಷನ್ ನೋಡಿ. ಎಣಿಕೆ ಕೇಂದ್ರದ ಹೊರಗೆ ಬಾವುಟ ಹಿಡಿದು ಕಾಯುವವರಿಗೆ ಈ ಪದ ಕೊಡಬೇಡಿ.

ಇನ್ನು ಹೆದ್ದಾರಿ 66ರ ಅಪಘಾತ. ಕಂಡದ್ದನ್ನು ನಿಮಗೆ ಹೇಳಿದವರು ಪ್ರತ್ಯಕ್ಷದರ್ಶಿ. ಪೊಲೀಸರ ಮುಂದೆ, ಕೋರ್ಟಿನಲ್ಲಿ ಹೇಳಿದರೆ ಸಾಕ್ಷಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ರಿಕ್ಷಾದವರನ್ನು ನೀವಾಗಿಯೇ ಸಾಕ್ಷಿ ಮಾಡಿಬಿಡಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಬಂದ ನಿಯಮಗಳ ಪ್ರಕಾರ, ಹೆಸರು ಹೇಳು ಎಂದು ಪೊಲೀಸರೂ ಅವರನ್ನು ಒತ್ತಾಯಿಸುವಂತಿಲ್ಲ. ಪೊಲೀಸರಿಗಿಲ್ಲದ ಹಕ್ಕು ನಮಗೆಲ್ಲಿಂದ? ಹೆಸರು ಹಾಕುವ ಮೊದಲು ಕೇಳಿ. ಆಸ್ಪತ್ರೆಯವರು ‘ಬೈಸ್ಟ್ಯಾಂಡರ್’ ಅಂದರೆ ದಾರಿಹೋಕ ಎಂದು ಬರೆಯುವ ಮಕ್ಕಳಿದ್ದಾರೆ. ಕೇರಳದ ಆಸ್ಪತ್ರೆಗಳಲ್ಲಿ ಅದು ರೋಗಿಯ ಜೊತೆಗೆ ರಾತ್ರಿಯೆಲ್ಲ ಕೂರುವ ಮನೆಯವರು!

ತಟಸ್ಥ ಎನ್ನುವುದಕ್ಕೆ ಕುರುಕ್ಷೇತ್ರವನ್ನೇ ನೆನಪು ಮಾಡಿಕೊಳ್ಳಿ, ಆಟ ನೋಡಿ ಬೆಳೆದವರಲ್ವಾ ನಾವು. ಬಲರಾಮ ಯಾರ ಕಡೆಗೂ ಸೇರದೆ ತೀರ್ಥಯಾತ್ರೆಗೆ ಹೊರಟ, ಅವನು ತಟಸ್ಥ. ರುಕ್ಮಿಣಿಯ ಅಣ್ಣ ರುಕ್ಮಿಯೂ ಯುದ್ಧ ಮಾಡಲಿಲ್ಲ. ಆದರೆ ಅವನು ಬರುತ್ತೇನೆ ಅಂದರೂ ಎರಡೂ ಕಡೆಯವರು ಬೇಡ ಅಂದರು. ಪಂಚಾಯತ್ ಸಭೆಯಲ್ಲಿ ಕೂತು ಮತ ಹಾಕದವರು ತಟಸ್ಥರು, ಸಭೆಗೆ ಕರೆಯದೇ ಬಿಟ್ಟವರು ಅಲ್ಲ.

‘ಮೂಕಪ್ರೇಕ್ಷಕ’ ನಮ್ಮ ಹುಡುಗರಿಗೆ ತುಂಬಾ ಇಷ್ಟ. ಅದು ಬೈಗುಳ ಅನ್ನುವುದು ಗೊತ್ತಿರಲಿ. ತಡೆಯುವ ಅಧಿಕಾರವಿದ್ದೂ ಕೈಕಟ್ಟಿ ನಿಂತ ಅಧಿಕಾರಿಗೆ ಧಾರಾಳವಾಗಿ ಹಾಕಿ. ಗಲಾಟೆ ನಡೆಯುವಾಗ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ ಹೆಂಗಸಿಗೆ ಹಾಕಿದರೆ ನಾನು ಆ ಪದವನ್ನು ಹೊಡೆದು ಹಾಕುತ್ತೇನೆ, ‘ಅಲ್ಲಿದ್ದವರು’ ಎಂದು ಬರೆಯುತ್ತೇನೆ.