ವಿಶೇಷ ಶಿಕ್ಷಣ ಯೋಜನೆಯ ಮರುಪರಿಶೀಲನೆ ಕೋರುವ ಕ್ರಮ

ಅಂಗವೈಕಲ್ಯ ಅಥವಾ ಕಲಿಕೆಯ ತೊಂದರೆಯಿರುವ ಮಗುವಿಗಾಗಿ ರೂಪಿಸಿದ ವಿಶೇಷ ಶಿಕ್ಷಣ ಯೋಜನೆಯಾಗಲಿ ಅದಕ್ಕೆ ಮಂಜೂರಾದ ಅನುದಾನವಾಗಲಿ ಸಾಲದೆಂದು ಕಂಡುಬಂದರೆ, ಪೋಷಕರು ಯೋಜನೆಯನ್ನು ಪರಿಶೀಲಿಸುವ ವಾರ್ಷಿಕ ಸಭೆಯವರೆಗೆ ಕಾಯದೆ ಮರುಪರಿಶೀಲನೆಯನ್ನು ಲಿಖಿತವಾಗಿ ಕೋರುವುದು ಒಳ್ಳೆಯದು; ಬಾಯಿಮಾತಿನ ಕೋರಿಕೆಗೆ ದಾಖಲೆ ಉಳಿಯುವುದಿಲ್ಲ. ಪತ್ರದಲ್ಲಿ ‘ಮಗು ಹಿಂದುಳಿದಿದೆ’ ಎಂದಷ್ಟೇ ಬರೆಯುವ ಬದಲು, ‘ಯೋಜನೆಯಲ್ಲಿ ವಾರಕ್ಕೆ 2 ಗಂಟೆ ವಾಕ್ ಚಿಕಿತ್ಸೆ ಎಂದಿದೆ, ಕಳೆದ ತಿಂಗಳು ಒಟ್ಟು ಸಿಕ್ಕಿದ್ದು 3 ಗಂಟೆ ಮಾತ್ರ’ ಎಂಬಂತೆ ನಿರ್ದಿಷ್ಟವಾಗಿ ತಿಳಿಸಿ, ಯಾವ ಅಂಶ ಹೇಗೆ ಬದಲಾಗಬೇಕೆಂಬುದನ್ನೂ ಸೇರಿಸಬೇಕು. ಇತ್ತೀಚಿನ ತಜ್ಞರ ವರದಿ, ಶಿಕ್ಷಕರ ಟಿಪ್ಪಣಿಗಳ ಪ್ರತಿಗಳನ್ನು ಲಗತ್ತಿಸಿ ಸ್ವೀಕೃತಿ ಪಡೆಯಬೇಕು. ಯೋಜನೆಯನ್ನು ಶಾಲೆಯೂ ಅನುದಾನವನ್ನು ಬೇರೊಂದು ಕಚೇರಿಯೂ ನಿರ್ಧರಿಸುವಲ್ಲಿ (ಹೊಣೆ ಜಾರಿಸುವುದು ಹೆಚ್ಚಾಗಿ ಇಲ್ಲಿಯೇ) ಎರಡೂ ಕಡೆ ಪ್ರತ್ಯೇಕ ಅರ್ಜಿ ಸಲ್ಲಿಸುವುದು ಲೇಸು. ಕೋರಿಕೆ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ, ಮೇಲ್ಮನವಿಯ ಗಡುವನ್ನು ಅಂದೇ ಗುರುತು ಹಾಕಿಕೊಳ್ಳಬೇಕು.